ಫುಲ್ ಥ್ರಾಟಲ್ ಕೊಟ್ಟರೂ ಬೋಟ್ ಓಡದಿದ್ದಾಗ: ಔಟ್‌ಬೋರ್ಡ್ ಮೋಟರಿನ ಎತ್ತರ ಹೊಂದಿಸುವ ಕೈಪಿಡಿ

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಬೋಟ್ ಹಿಂದೆ ಚೆನ್ನಾಗಿ ಓಡುತ್ತಿದ್ದು ಈಗ ಸೋತಿದೆಯೋ, ಇಲ್ಲಾ ಮೋಟರ್ ಕೂರಿಸಿದ ದಿನದಿಂದಲೇ ಹೀಗೋ? ಬೋಲ್ಟು ಹಾಕಿ ಬಿಗಿದ ಮೋಟರ್ ತಾನಾಗಿ ಕೆಳಗಿಳಿಯುವುದಿಲ್ಲ. ಹೋದ ವರ್ಷ ಗಂಟೆಗೆ 46 ಕಿ.ಮೀ. ಓಡಿದ ಬೋಟ್ ಈ ವರ್ಷ 40ಕ್ಕೆ ನಿಂತರೆ ಪೆಟ್ರೋಲು, ಪ್ಲಗ್ಗು, ಫ್ಯಾನು (ಪ್ರೊಪೆಲರ್), ಬೋಟಿನ ತಳ, ಭಾರ, ಇವುಗಳಲ್ಲೆಲ್ಲೋ ಕಳ್ಳ ಕೂತಿದ್ದಾನೆ. ಎತ್ತರಕ್ಕೆ ಕೈ ಹಾಕಿದರೆ ಇರುವ ರೋಗದ ಜೊತೆ ಇನ್ನೊಂದು ಸೇರುತ್ತದೆ. ಶುರುವಿನಿಂದಲೂ ಓಡದ ಬೋಟು, ಬೇರೆ ಬೋಟಿನ ಹಳೇ ಮೋಟರ್ ತಂದು ಹಾಕಿದ ಬೋಟು, ಹಿಂಬದಿ ಹಲಗೆ ಹೊಸದಾಗಿ ಕಟ್ಟಿಸಿದ ಬೋಟು, ಇವುಗಳಲ್ಲಿ ಮಾತ್ರ ಎತ್ತರವನ್ನು ಮೊದಲು ಅನುಮಾನಿಸಬೇಕು.

ಇಲ್ಲಿರುವ ಲೆಕ್ಕವೆಲ್ಲ 14ರಿಂದ 16 ಅಡಿ ಉದ್ದದ, 25ರಿಂದ 40 ಎಚ್‌ಪಿ ಮೋಟರಿನ ಫೈಬರ್ ಮತ್ತು ಅಲ್ಯೂಮಿನಿಯಂ ಬೋಟುಗಳಿಗೆ. ನೀರು ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರು, ಇಲ್ಲವೇ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳನ್ನು ಸುತ್ತುವ ಕೃಷ್ಣೆ. ಮೋಟರನ್ನು ಮೇಲಕ್ಕೆತ್ತಿ ವೇಗ ಗಿಟ್ಟಿಸುವ ವಿದ್ಯೆ ಪಕ್ವವಾಗಿದ್ದು ಅಮೆರಿಕದ ಬಾಸ್ ಮೀನಿನ ಬೋಟುಗಳಲ್ಲಿ. ಅಲ್ಲಿ ಹಲಗೆಗೂ ಮೋಟರಿಗೂ ನಡುವೆ ಜಾಕ್ ಪ್ಲೇಟ್ ಎಂಬ ಏರಿಳಿಯುವ ಚೌಕಟ್ಟು ಹಾಕಿ, ಸ್ವಿಚ್ ಒತ್ತಿ, ಓಡುತ್ತಿರುವಾಗಲೇ ಮೋಟರ್ ಏರಿಸಿ ಇಳಿಸುತ್ತಾರೆ. ನಮಗೆ ಪಾನಾ, ಚೈನ್ ಬ್ಲಾಕ್ ಮತ್ತು ತಾಳ್ಮೆ ಇದ್ದರೆ ಸಾಕು. (ಆನೆಗೊಂದಿಯ ಹರಿಗೋಲಿನವರಿಗೆ ಈ ತಲೆನೋವು ಯಾವುದೂ ಇಲ್ಲ.)

ಎತ್ತರ ಯಾಕೆ ವೇಗವನ್ನು ತಿನ್ನುತ್ತದೆ

ಮೋಟರಿನ ಗೇರ್‌ಬಾಕ್ಸ್ ಮತ್ತು ಕಾಲು ನೀರಿನೊಳಗೆ ಎಷ್ಟು ಮುಳುಗಿರುತ್ತವೋ ಅಷ್ಟು ಎಳೆತ. ಎಳೆತ ವೇಗದ ವರ್ಗದಂತೆ ಬೆಳೆಯುತ್ತದೆ: ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹಾಗಾಗಿ 15 ಕಿ.ಮೀ. ವೇಗದಲ್ಲಿ ಬಲೆ ಬಿಡುವ ಬೋಟಿಗೆ ಒಂದು ಅಂಗುಲ ಹೆಚ್ಚುಕಡಿಮೆಯಾದರೂ ಗೊತ್ತೇ ಆಗುವುದಿಲ್ಲ; 45ರಲ್ಲಿ ಅದೇ ಅಂಗುಲ ಕಾಲಿಗೆ ಕಟ್ಟಿದ ಕಲ್ಲು.

ಹಾಗೆಂದು ಮೇಲೆತ್ತುತ್ತಲೇ ಹೋಗುವಂತಿಲ್ಲ. ಒಂದು ಹಂತದಲ್ಲಿ ಫ್ಯಾನು ಮೇಲಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ. ಇನ್ನೊಂದೆಡೆ ಗೇರ್‌ಬಾಕ್ಸಿನ ಪಕ್ಕದ ಜಾಲರಿಯಿಂದ ತಂಪಿನ ನೀರು ಎಳೆಯುವ ಪಂಪಿಗೆ ನೀರಿನ ಬದಲು ನೊರೆ ಸಿಗುತ್ತದೆ. ಮೊದಲನೆಯದರಿಂದ ವೇಗ ಹೋಗುತ್ತದೆ, ಎರಡನೆಯದರಿಂದ ಎಂಜಿನ್ನೇ ಹೋಗುತ್ತದೆ.

ಬೋಲ್ಟು ಮುಟ್ಟುವ ಮೊದಲು

ಎಂಜಿನ್ ನಿಜಕ್ಕೂ ಪೂರ್ತಿ ಶಕ್ತಿ ಕೊಡುತ್ತಿದೆಯೇ ಎಂಬುದು ಖಾತ್ರಿಯಾಗಬೇಕು. ಎಂಜಿನ್ ಬಂದ್ ಇಟ್ಟು, ಹಿಡಿಕೆಯನ್ನು ಫುಲ್ ಮಾಡಿ, ಕಾರ್ಬ್ಯುರೇಟರಿನ ಬಾಯಿಯ ಬಿಲ್ಲೆ ಪೂರ್ತಿ ತೆರೆದಿದೆಯೇ ಕಣ್ಣಾರೆ ನೋಡಿ. ಕೇಬಲ್ ಎಳೆದುಹೋಗಿ ಬಿಲ್ಲೆ ಮುಕ್ಕಾಲಿಗೇ ನಿಂತಿರುವ ಮೋಟರುಗಳು ಬಹಳ. ಕಂಪ್ರೆಶನ್ ಅಳೆದಾಗ ಸಿಲಿಂಡರ್‌ಗಳ ನಡುವೆ ಶೇ 10ಕ್ಕಿಂತ ಹೆಚ್ಚು ಅಂತರ ಇರಬಾರದು.

ಪೆಟ್ರೋಲಿನ ದಾರಿಯ ತಪಾಸಣೆ ಸುಲಭ. ಫುಲ್ ಥ್ರಾಟಲ್‌ನಲ್ಲಿ ಓಡುವಾಗ ಇನ್ನೊಬ್ಬರು ಪೈಪಿನ ರಬ್ಬರ್ ಬಲ್ಬ್ ಒತ್ತಲಿ. ಒತ್ತಿದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಏರಿದರೆ ಫ್ಯೂಯೆಲ್ ಪಂಪ್ ಸೋತಿದೆ, ಅಥವಾ ಪೈಪಿನಲ್ಲಿ ಗಾಳಿ ಸೇರುತ್ತಿದೆ. ಬಲ್ಬ್ ತಾನಾಗಿ ಒಳಕ್ಕೆ ಚಪ್ಪಟೆಯಾಗಿದ್ದರೆ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆರೆಯಲು ಮರೆತಿದ್ದೀರಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. ತೇವ ಹೀರಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಕೂತರೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳ ಸೇರುತ್ತವೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ. ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದಿದ್ದರೆ ಹಾಕಿಸಿ.

ಇನ್ನೊಂದು ಮೋಸಗಾರ ದೋಷ ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರುವುದು. ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ನೋಡಿದರೆ ಮೋಟರ್ ಎತ್ತರ ಹೆಚ್ಚಾದಂತೆಯೇ ಕಾಣುತ್ತದೆ. ಒಳಗಿನ ಹಿತ್ತಾಳೆ ಬುಷ್ಷಿನಿಂದ ಹೊರಗಿನ ಫ್ಯಾನಿನವರೆಗೆ ಹಿಂಬದಿಯಲ್ಲಿ ಬಿಳಿ ಬಣ್ಣದ ಒಂದು ಗೆರೆ ಎಳೆದು, ಒಣಗಿಸಿ, ಫುಲ್ ಥ್ರಾಟಲ್‌ನಲ್ಲಿ ಐದು ನಿಮಿಷ ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಬುಷ್ ಹೋಗಿದೆ, ಎತ್ತರದ ಮಾತೇ ಬೇಡ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ್ದ ಬೊಡ್ಡೆ, ಬಂಡೆಗಳು ಮೇಲಿನ ಒಂದಡಿ ನೀರಿಗೇ ಬರುತ್ತವೆ. ಒಮ್ಮೆ ಬಡಿದ ಫ್ಯಾನನ್ನು ಎಸಳು ಸರಿಯಿದೆ ಎಂಬ ಒಂದೇ ಕಾರಣಕ್ಕೆ ನಂಬಬೇಡಿ.

ಬೋಟಿನ ತಳಕ್ಕೂ ಒಂದು ಪರೀಕ್ಷೆ ಇದೆ. ಬೋಟನ್ನು ಸ್ಟ್ಯಾಂಡಿನ ಮೇಲಿಟ್ಟು, ಹಿಂಬದಿ ಹಲಗೆಯಿಂದ ಮುಂದಕ್ಕೆ ನಾಲ್ಕೈದು ಅಡಿಯ ನೇರ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿಯಿರಿ. ಪಟ್ಟಿಯ ಎರಡು ತುದಿ ತಾಗಿ ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ. ಬಾಗಿದ ತಳ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ಮೋಟರನ್ನು ಎಷ್ಟೆತ್ತಿದರೂ ವೇಗ ಬರುವುದಿಲ್ಲ. ಟ್ರೈಲರಿನ ಹಲಗೆ ಸರಿಯಾಗಿ ಆನಿಸದೆ ವರ್ಷಗಟ್ಟಲೆ ನಿಲ್ಲಿಸಿದ ಫೈಬರ್ ಬೋಟುಗಳಲ್ಲಿ ಇದು ಬರುತ್ತದೆ. ನೆಲಹಾಸಿನ ಕೆಳಗೆ ನೀರು ಕುಡಿದ ಫೋಮ್ ಇದ್ದರೆ ಒಬ್ಬ ಆಳಿನ ತೂಕವನ್ನು ಟಿಕೆಟ್ ಇಲ್ಲದೆ ಹೊತ್ತಂತೆ.

ಅಳತೆ: ಈಗ ಮೋಟರ್ ಎಲ್ಲಿದೆ

ಹಿಂಬದಿ ಹಲಗೆಯ ಮೇಲಂಚಿನ ನಡುವಿನಿಂದ ತಳದವರೆಗೆ ಟೇಪು ಹಿಡಿಯಿರಿ. ಸುಮಾರು 15 ಅಂಗುಲ ಬಂದರೆ ಶಾರ್ಟ್ ಶಾಫ್ಟ್ ಮೋಟರ್ ಬೇಕು, 20 ಬಂದರೆ ಲಾಂಗ್ ಶಾಫ್ಟ್. ಹಳೇ ಮೋಟರ್ ಕೊಳ್ಳುವವರು ಎಡವುವುದು ಇಲ್ಲೇ. 15 ಅಂಗುಲದ ಹಲಗೆಗೆ 20 ಅಂಗುಲದ ಮೋಟರ್ ಹಾಕಿದರೆ ಕಾಲು ಐದು ಅಂಗುಲ ಹೆಚ್ಚು ಮುಳುಗುತ್ತದೆ, ಹಿಂದಿನಿಂದ ನೀರಿನ ಗೋಡೆಯೇ ಏಳುತ್ತದೆ. ಬ್ರಾಕೆಟ್ಟಿನ ತೂತುಗಳಿಂದ ಸರಿಹೋಗುವ ಅಂತರ ಅದಲ್ಲ. ಹಲಗೆಯನ್ನೇ ಎತ್ತರಿಸಬೇಕು ಅಥವಾ ಜಾಕ್ ಪ್ಲೇಟ್ ಹಾಕಬೇಕು.

ಶಾಫ್ಟ್ ಸರಿಯಿದ್ದರೆ ಮುಂದಿನ ಅಳತೆ. ಫ್ಯಾನಿನ ಮೇಲೆ ಅಡ್ಡಲಾಗಿ ಚಾಚಿರುವ ಅಗಲವಾದ ಪ್ಲೇಟ್ ಇದೆಯಲ್ಲ, ಕ್ಯಾವಿಟೇಶನ್ ಪ್ಲೇಟ್ ಎಂದು ಎಲ್ಲರೂ ಕರೆಯುವುದು, ಅದೇ ನಮ್ಮ ಗುರುತು. (ಅದು ತಡೆಯುವುದು ಮೇಲಿನ ಗಾಳಿಯನ್ನು, ಒತ್ತಡ ಕುಸಿದು ನೀರೇ ಆವಿ ಗುಳ್ಳೆಯಾಗುವ ಕ್ಯಾವಿಟೇಶನ್ನನ್ನಲ್ಲ, ಹೆಸರು ಮಾತ್ರ ತಪ್ಪಾಗಿ ಉಳಿದುಬಿಟ್ಟಿದೆ.) ಮೋಟರನ್ನು ಟಿಲ್ಟ್ ಮಾಡಿ, ಆ ಪ್ಲೇಟ್ ಬೋಟಿನ ತಳಕ್ಕೆ ಸಮಾಂತರವಾಗುವಂತೆ ನಿಲ್ಲಿಸಿ. ತಳದ ನಡುಗೆರೆಗೆ ನೇರ ಪಟ್ಟಿ ಒತ್ತಿ ಹಿಂದಕ್ಕೆ ಚಾಚಿ, ಪಟ್ಟಿಗೂ ಪ್ಲೇಟಿಗೂ ಇರುವ ಅಂತರ ಅಳೆಯಿರಿ. ಪ್ಲೇಟ್ ತಳದ ಮಟ್ಟದಲ್ಲಿರುವುದು ಎಲ್ಲರೂ ಶುರು ಮಾಡುವ ಜಾಗ. ವಿ ಆಕಾರದ ತಳವಿದ್ದರೆ ಪ್ಲೇಟ್ ಅರ್ಧದಿಂದ ಒಂದು ಅಂಗುಲ ಮೇಲಿದ್ದರೂ ತಡೆಯುತ್ತದೆ. ತಳದ ಮಟ್ಟಕ್ಕಿಂತ ಒಂದು ಅಂಗುಲ ಕೆಳಗಿದ್ದರೆ ನಿಮ್ಮ ವೇಗ ಅಲ್ಲೇ ಹೋಗುತ್ತಿದೆ.

ಮೋಟರ್ ಹಲಗೆಯಿಂದ ಹಿಂದಕ್ಕೆ ಸರಿದಷ್ಟೂ ಇನ್ನೂ ಮೇಲೆತ್ತಬಹುದು. ಬೋಟಿನ ತಳ ಬಿಟ್ಟ ನೀರು ಹಿಂದಕ್ಕೆ ಹೋಗುತ್ತಾ ಮೇಲೇಳುತ್ತದೆ, ಅದಕ್ಕೆ. 8ರಿಂದ 12 ಅಂಗುಲ ಹಿಂದಕ್ಕೆ ಹೋದರೆ ಒಂದು ಅಂಗುಲ ಮೇಲಕ್ಕೆ ಎಂಬುದು ಜಾಕ್ ಪ್ಲೇಟ್ ಹಾಕುವವರ ಹಳೇ ಲೆಕ್ಕ.

ಓಟದ ಪರೀಕ್ಷೆ

ಪರೀಕ್ಷೆ ಅಂದರೆ ಮೂರು ಅಂಕಿ ಒಟ್ಟಿಗೆ: ಆರ್‌ಪಿಎಂ, ಜಿಪಿಎಸ್ ವೇಗ, ತಂಪಿನ ನೀರು. ಒಂದನ್ನೇ ನೋಡಿ ಮೋಟರ್ ಎತ್ತಿದವರು ಎಂಜಿನ್ ಸುಟ್ಟುಕೊಂಡಿದ್ದಾರೆ. ವೇಗಕ್ಕೆ ಫೋನಿನ ಜಿಪಿಎಸ್ ಸಾಕು. ಆರ್‌ಪಿಎಂ ಮೀಟರ್ ಇಲ್ಲದಿದ್ದರೆ ಪ್ಲಗ್ಗಿನ ವೈರಿಗೆ ಸುತ್ತುವ ಚಿಕ್ಕ ಡಿಜಿಟಲ್ ಮೀಟರ್ ತರಿಸಿ. ನೀರಿಗೆ ಪ್ರೆಶರ್ ಗೇಜ್ ಇದ್ದರೆ ಉತ್ತಮ. ಇಲ್ಲದಿದ್ದರೆ ಎಂಜಿನ್ನಿನಿಂದ ಚಿಮ್ಮುವ ಸಣ್ಣ ಧಾರೆಯ ಮೇಲೆ ಕಣ್ಣಿಡಿ.

ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಸಿ. ಮುಂಗಾರಿನ ತಿಂಗಳುಗಳಲ್ಲಿ ಹೊತ್ತೇರಿದಂತೆ ಹಿನ್ನೀರಿನ ಮೇಲೆ ಗಾಳಿ ಜೋರಾಗಿ ಅಲೆ ಎಬ್ಬಿಸುತ್ತದೆ, ಆಮೇಲೆ ಬಂದ ಅಂಕಿಗೆ ಬೆಲೆಯಿಲ್ಲ. ಅದೇ ಜನ, ಅರ್ಧ ಟ್ಯಾಂಕ್ ಪೆಟ್ರೋಲು, ಅದೇ ಜಾಗದಲ್ಲಿ ಬ್ಯಾಟರಿ. ಹೋಗುವಾಗೊಮ್ಮೆ, ಬರುವಾಗೊಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಕೃಷ್ಣೆಯಂತಹ ಹರಿಯುವ ನೀರಿನಲ್ಲಿ ಒಂದೇ ದಿಕ್ಕಿನ ಅಂಕಿ ಶುದ್ಧ ಸುಳ್ಳು. ಲೈಫ್ ಜಾಕೆಟ್ ಎಲ್ಲರಿಗೂ, ಎಳೆದರೆ ಎಂಜಿನ್ ಬಂದ್ ಮಾಡುವ ಕಿಲ್ ಸ್ವಿಚ್ಚಿನ ದಾರ ಓಡಿಸುವವರಿಗೆ. ಮೇಲೆತ್ತಿದ ಮೋಟರ್ ತಿರುವಿನಲ್ಲಿ ದಿಢೀರ್ ಹಿಡಿತ ಬಿಡುತ್ತದೆ, ಆ ಹೊತ್ತಿನಲ್ಲಿ ಅಂಚಿನ ಮೇಲೆ ಕೂತವರು ನೀರಿಗೆ ಬೀಳುತ್ತಾರೆ.

ಬಂದ ಅಂಕಿಗಳಿಂದ ಸ್ಲಿಪ್ ಲೆಕ್ಕ ಹಾಕಬೇಕು. ಫ್ಯಾನಿನ ಪಿಚ್ (ಜಾರದೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ) ಅಂಗುಲದಲ್ಲಿ, ಅದನ್ನು ಆರ್‌ಪಿಎಂನಿಂದ ಗುಣಿಸಿ, 0.001524ರಿಂದ ಗುಣಿಸಿ, ಗೇರ್ ಅನುಪಾತದಿಂದ (ಫ್ಯಾನು ಒಂದು ಸುತ್ತು ಸುತ್ತಲು ಎಂಜಿನ್ ಎಷ್ಟು ಸುತ್ತುತ್ತದೋ ಅದು) ಭಾಗಿಸಿ. ಸಿಗುವುದು ಒಂದಿಷ್ಟೂ ಜಾರದಿದ್ದರೆ ಬೋಟ್ ಗಂಟೆಗೆ ಓಡಬೇಕಾಗಿದ್ದ ಕಿ.ಮೀ. ನಿಜದ ವೇಗ ಅದಕ್ಕಿಂತ ಶೇಕಡ ಎಷ್ಟು ಕಡಿಮೆಯೋ ಅದೇ ಸ್ಲಿಪ್. 13 ಪಿಚ್, 2.00 ಗೇರ್ ಅನುಪಾತದ ಮೋಟರಿನ ಒಂದು ಮಾದರಿ ಲೆಕ್ಕ ನೋಡಿ (ತೂತು ಅಂದರೆ ಮೋಟರಿನ ಬ್ರಾಕೆಟ್ಟಿನ ಬೋಲ್ಟ್ ತೂತು; ಮೊದಲನೆಯದರಲ್ಲಿ ಮೋಟರ್ ಎಲ್ಲಕ್ಕಿಂತ ಕೆಳಗೆ, ನಾಲ್ಕನೆಯದರಲ್ಲಿ ಎಲ್ಲಕ್ಕಿಂತ ಮೇಲೆ):

ಮೊದಲ ತೂತು: 5200 ಆರ್‌ಪಿಎಂ, ಓಡಬೇಕಾದದ್ದು 51.5, ಓಡಿದ್ದು 42. ಸ್ಲಿಪ್ ಶೇ 18.4.
ಎರಡನೇ ತೂತು: 5300 ಆರ್‌ಪಿಎಂ, 52.5ಕ್ಕೆ 44. ಸ್ಲಿಪ್ ಶೇ 16.2.
ಮೂರನೇ ತೂತು: 5400 ಆರ್‌ಪಿಎಂ, 53.5ಕ್ಕೆ 45.5. ಸ್ಲಿಪ್ ಶೇ 15.
ನಾಲ್ಕನೇ ತೂತು: 5650 ಆರ್‌ಪಿಎಂ, 56ಕ್ಕೆ 44. ಸ್ಲಿಪ್ ಶೇ 21.4.

ಮೂರನೆಯದರವರೆಗೆ ಆರ್‌ಪಿಎಂ ಏರಿತು, ವೇಗವೂ ಏರಿತು: ಎಳೆತ ಕಡಿಮೆಯಾಗಿದೆ. ನಾಲ್ಕರಲ್ಲಿ ಆರ್‌ಪಿಎಂ ಜಿಗಿಯಿತು, ವೇಗ ಬಿತ್ತು: ಫ್ಯಾನು ಗಾಳಿ ಕುಡಿಯುತ್ತಿದೆ. ಕಿವಿಗೆ ನಾಲ್ಕನೆಯದೇ ಬಲು ಜೋರು ಅನ್ನಿಸುತ್ತದೆ; ಶಬ್ದ ನಂಬಿ ಅಲ್ಲೇ ಬಿಗಿದುಬಿಡುವವರಿದ್ದಾರೆ.

ಎತ್ತುವುದು

40 ಎಚ್‌ಪಿ ಟೂ ಸ್ಟ್ರೋಕ್ ಮೋಟರ್ 70 ಕೆ.ಜಿ. ಮೀರುತ್ತದೆ, ಫೋರ್ ಸ್ಟ್ರೋಕ್ ನೂರರ ಹತ್ತಿರ. ಬೇವಿನ ಕೊಂಬೆಗೆ ಹಗ್ಗ ಹಾಕಿ ನಾಲ್ಕು ಜನ ಎಳೆಯುವ ಸಾಹಸ ಬೇಡ. ಮುಕ್ಕಾಲಿ ಕಟ್ಟಿ, ಅರ್ಧ ಟನ್ನಿನ ಚೈನ್ ಬ್ಲಾಕ್ ತೂಗುಹಾಕಿ, ಮೋಟರಿನ ಎತ್ತುವ ಕೊಂಡಿಗೇ ಕೊಕ್ಕೆ ಹಾಕಿ. ಬ್ಯಾಟರಿ ವೈರ್ ಬಿಚ್ಚಿರಲಿ.

ಬ್ರಾಕೆಟ್ಟಿನ ಮೇಲ್ಭಾಗದಲ್ಲಿ ಒಂದರ ಕೆಳಗೊಂದು ನಾಲ್ಕೈದು ತೂತು ಇರುತ್ತವೆ, ಸಾಮಾನ್ಯವಾಗಿ ಮುಕ್ಕಾಲು ಅಂಗುಲಕ್ಕೊಂದು. ಇಲ್ಲಿ ಲೆಕ್ಕ ತಲೆಕೆಳಗು: ಬೋಲ್ಟು ಎಲ್ಲಕ್ಕಿಂತ ಮೇಲಿನ ತೂತಿನಲ್ಲಿದ್ದರೆ ಮೋಟರ್ ಎಲ್ಲಕ್ಕಿಂತ ಕೆಳಗಿದೆ. ಒಂದು ತೂತು ಕೆಳಗಿನದಕ್ಕೆ ಬೋಲ್ಟು ಬಂದರೆ ಮೋಟರ್ 19 ಮಿ.ಮೀ. ಮೇಲಕ್ಕೆ. ಹಲಗೆಯಲ್ಲಿ ಹೊಸ ತೂತು ಕೊರೆಯಬೇಕಿಲ್ಲ.

ಚೈನ್ ಬಿಗಿಯಾಗಿ ಭಾರ ಹೊತ್ತ ಮೇಲೆ ಕೆಳಗಿನ ಎರಡು ಬೋಲ್ಟು ಸಡಿಲಿಸಿ, ಮೇಲಿನ ಎರಡನ್ನು ತೆಗೆಯಿರಿ. ಕೆಳಗಿನವು ಕೆಲವು ಮೋಟರುಗಳಲ್ಲಿ ಉದ್ದನೆಯ ಸೀಳಿನಲ್ಲಿ ಜಾರುತ್ತವೆ, ಉಳಿದವುಗಳಲ್ಲಿ ಅವನ್ನೂ ತೆಗೆಯಬೇಕು. ಒಂದೇ ತೂತಿನಷ್ಟು ಎತ್ತಿ. ಬೋಲ್ಟಿನ ಮೈಗೆ ಬೋಟಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ. ಬಚ್ಚಲುಮನೆಗೆ ಹಚ್ಚುವ ಸಿಲಿಕೋನ್ ನೀರಿನ ಕೆಳಗೆ ನಿಲ್ಲುವುದಿಲ್ಲ. ಪ್ರಯೋಗದ ಓಟಗಳಿಗೂ ನಾಲ್ಕು ಬೋಲ್ಟು ಪೂರ್ತಿ ಬಿಗಿದಿರಬೇಕು, ಎರಡೇ ಹಾಕಿಕೊಂಡು ಓಡಿಸಬೇಡಿ.

ಬಿಗಿಯುವಾಗ ವಾಶರ್ ಹಲಗೆಯೊಳಗೆ ಹೂತುಹೋದರೆ ಅಲ್ಲೇ ನಿಲ್ಲಿಸಿ. ಫೈಬರ್ ಬೋಟಿನ ಹಿಂಬದಿಯ ಒಳಗೆ ಪ್ಲೈವುಡ್ ಇರುತ್ತದೆ. ಹಳೇ ತೂತಿನಿಂದ ನೀರಿಳಿದು ಅದು ಕೊಳೆತಿದೆ. ಸುತ್ತಿಗೆಯ ಹಿಡಿಕೆಯಿಂದ ತಟ್ಟಿದರೆ ಗಟ್ಟಿ ಜಾಗ ಟಕಟಕ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ. ಕೊಳೆತ ಹಲಗೆಯ ಮೇಲೆ ಮೋಟರ್ ಎತ್ತರಿಸಿದರೆ ಒಂದು ದಿನ ಮೋಟರ್ ಹಲಗೆ ಸಮೇತ ನದಿ ಸೇರುತ್ತದೆ.

ಬೋಲ್ಟಿಲ್ಲದೆ ಎರಡು ತಿರುಪು ಕ್ಲಾಂಪಿನಲ್ಲಿ ಕೂರುವ ಚಿಕ್ಕ ಮೋಟರಾದರೆ ಹಲಗೆಯ ಮೇಲಂಚಿಗೆ ಸಾಗುವಾನಿ ಪಟ್ಟಿ ಕೂರಿಸಿ ಎತ್ತರಿಸಬಹುದು. ಅರ್ಧ ಅಂಗುಲದಿಂದ ಶುರು ಮಾಡಿ, ಪಟ್ಟಿಯನ್ನು ಹಲಗೆಗೆ ಸ್ಕ್ರೂ ಹಾಕಿ ಹಿಡಿಸಿ, ಕ್ಲಾಂಪಿನ ಬಿಲ್ಲೆಗಳು ಹಳೇ ಹಲಗೆಯನ್ನೇ ಕಚ್ಚುವಂತಿರಲಿ. ಮೋಟರಿಗೊಂದು ಸರಪಳಿ ಕಟ್ಟಿರಲಿ.

ಎತ್ತಿದ ಮೇಲೆ ಮೋಟರನ್ನು ಪೂರ್ತಿ ಎಡಕ್ಕೆ, ಬಲಕ್ಕೆ, ಮೇಲಕ್ಕೆ ತಿರುಗಿಸಿ ನೋಡಿ. ಸ್ಟೀರಿಂಗ್ ಕೇಬಲ್, ಗೇರ್ ಕೇಬಲ್, ಪೆಟ್ರೋಲ್ ಪೈಪು ಎಲ್ಲೂ ಬಿಗಿಯಾಗಬಾರದು.

ನೀರು ಏನು ಹೇಳುತ್ತದೆ

ಬೋಟ್ ನೀರಿನ ಮೇಲೆದ್ದು ಜಾರುತ್ತಿರುವಾಗ ಹಿಂದೆ ಕೂತವರು ಬಗ್ಗಿ ಪ್ಲೇಟ್ ನೋಡಲಿ. ನೀರಿನ ತೆಳು ಪದರ ಅದರ ಮೇಲೆ ಸವರಿಕೊಂಡು ಹೋಗುತ್ತಾ, ಪ್ಲೇಟ್ ಆಗಾಗ ಕಣ್ಣಿಗೆ ಬಿದ್ದರೆ ಜಾಗ ಸರಿ. ಪ್ಲೇಟ್ ಕಾಣದೆ, ಮೋಟರಿನ ಕಾಲಿನ ಮೇಲೆ ನೀರು ಏರಿ ಬೋಟಿನೊಳಗೆ ಸಿಡಿಯುತ್ತಿದ್ದರೆ ಇನ್ನೂ ಆಳದಲ್ಲಿದೆ. ಪ್ಲೇಟ್ ಪೂರ್ತಿ ಒಣಗಿ ನಿಂತು, ತಿರುವಿನಲ್ಲಿ ಎಂಜಿನ್ ಕಿರುಚಿ, ಬೋಟ್ ಅಡ್ಡ ಜಾರಿದರೆ ಮೋಟರನ್ನು ಒಂದು ತೂತಿನಷ್ಟು ಇಳಿಸಿ. ನೇರ ಓಟದಲ್ಲಿ ಚೆನ್ನಾಗಿದ್ದು ತಿರುವಿನಲ್ಲಿ ಮಾತ್ರ ಹಿಡಿತ ತಪ್ಪಿದರೂ ಇಳಿಸಿ. ದಡ ಸೇರಲು ಯಾರೂ ನೇರವಾಗಿಯೇ ಹೋಗುವುದಿಲ್ಲ. ಮೂತಿ ಕುಪ್ಪಳಿಸುತ್ತಿದ್ದರೆ ಅದು ಎತ್ತರದ್ದಲ್ಲ, ಟ್ರಿಮ್ (ಮೋಟರ್ ಹೊರಕ್ಕೆ ಓರೆಯಾಗಿರುವ ಕೋನ) ಹೆಚ್ಚಾಗಿದೆ. ಟಿಲ್ಟ್ ಪಿನ್ ಒಂದು ತೂತು ಒಳಕ್ಕೆ ಹಾಕಿ.

ಎತ್ತರಿಸಿದ ಮೋಟರಿಗೆ ಮಾಮೂಲಿ ಅಲ್ಯೂಮಿನಿಯಂ ಫ್ಯಾನು ಬೇಗ ಹಿಡಿತ ಬಿಡುತ್ತದೆ. ಎಸಳಿನ ಹಿಂದಂಚು ಮಡಚಿದಂತೆ ಬಾಗಿರುವ ಸ್ಟೀಲ್ ಫ್ಯಾನು ಇನ್ನೊಂದು ತೂತು ಮೇಲಕ್ಕೂ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಬಂಡೆಗೆ ಬಡಿದರೆ ಅಲ್ಯೂಮಿನಿಯಂ ಎಸಳು ಮುರಿದು ಗೇರ್ ಉಳಿಯುತ್ತದೆ, ಸ್ಟೀಲ್ ಎಸಳು ಹೊಡೆತವನ್ನು ಗೇರಿಗೇ ಸಾಗಿಸುತ್ತದೆ. ಕಲ್ಲುಬಂಡೆಯ ನಮ್ಮ ನದಿಗಳಲ್ಲಿ ಅಲ್ಯೂಮಿನಿಯಂ ಮೇಲು, ವೇಗದಲ್ಲಿ ಎರಡು ಕಿ.ಮೀ. ಕಳೆದುಕೊಂಡರೂ ಚಿಂತೆಯಿಲ್ಲ.

ಚಿಮ್ಮುವ ಧಾರೆ ಎತ್ತಿದ ಮೇಲೆ ತೆಳ್ಳಗಾದರೆ, ಬಿಟ್ಟು ಬಿಟ್ಟು ಬಂದರೆ, ವೇಗ ಎಷ್ಟೇ ಚೆನ್ನಾಗಿರಲಿ ಇಳಿಸಲೇಬೇಕು. ಗೇಜ್ ಇದ್ದರೆ ಮೋಟರಿನ ಕೈಪಿಡಿ ಹೇಳಿದ ಕನಿಷ್ಠಕ್ಕಿಂತ ಕೆಳಗೆ ಹೋಗಬಾರದು. ಅದಕ್ಕೂ ಮೊದಲು ಇಂಪೆಲರ್ (ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ) ಹೊಸದೇ ಎಂದು ನೋಡಿ. 133 ಟಿಎಂಸಿಗೆಂದು ಕಟ್ಟಿದ ತುಂಗಭದ್ರಾ ಜಲಾಶಯ ಹೂಳು ತುಂಬಿ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ಆ ಹೂಳಿನ ಒಂದು ಪಾಲು ನಿಮ್ಮ ಪಂಪಿನ ಮೂಲಕವೂ ಹಾಯುತ್ತದೆ. ಇಲ್ಲಿ ರಬ್ಬರ್ ಇಂಪೆಲರನ್ನು ವರ್ಷಕ್ಕೊಮ್ಮೆ ಬದಲಿಸುವುದೇ ಲೇಸು. ಸವೆದ ಇಂಪೆಲರ್ ಇಟ್ಟುಕೊಂಡು ಎತ್ತರಿಸಿದರೆ ದೋಷ ಪಂಪಿನದೋ ಎತ್ತರದ್ದೋ ಗೊತ್ತಾಗುವುದಿಲ್ಲ.

ಎತ್ತರ ಸರಿಯಾದರೂ ಆರ್‌ಪಿಎಂ ಬರದಿದ್ದರೆ

ಫೋರ್ ಸ್ಟ್ರೋಕ್ ಮೋಟರುಗಳಿಗೆ ಫುಲ್ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 5000ದಿಂದ 6000, ಹಳೇ ಟೂ ಸ್ಟ್ರೋಕ್‌ಗಳಲ್ಲಿ ಹಲವಕ್ಕೆ 4500ರಿಂದ 5500. ನಿಮ್ಮ ಮೋಟರಿನ ಕೈಪಿಡಿಯ ಅಂಕಿಯೇ ಅಂತಿಮ. ಅದರ ಕೆಳಗೇ ನಿಂತರೆ ಫ್ಯಾನಿನ ಪಿಚ್ ದೊಡ್ಡದಾಗಿದೆ. ಒಂದು ಅಂಗುಲ ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ.

ಇದರಲ್ಲಿ ಊರಿನ ಪಾಲೂ ಇದೆ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1633 ಅಡಿ, ಹೆಚ್ಚುಕಡಿಮೆ 498 ಮೀಟರ್. ಆ ಎತ್ತರದಲ್ಲಿ, 40 ಡಿಗ್ರಿ ಬಿಸಿಲಿನಲ್ಲಿ, ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ 25 ಡಿಗ್ರಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಎಂಜಿನ್ನಿನ ಶಕ್ತಿಯೂ ಹತ್ತಿರ ಹತ್ತಿರ ಅಷ್ಟೇ ಇಳಿಯುತ್ತದೆ. ಮಲ್ಪೆಯಲ್ಲೋ ಕಾರವಾರದಲ್ಲೋ ಸರಿಹೊಂದಿದ್ದ ಫ್ಯಾನನ್ನು ಇಲ್ಲಿಗೆ ತಂದು ಹಾಕಿದರೆ ಇನ್ನೂರರಷ್ಟು ಆರ್‌ಪಿಎಂ ಕಡಿಮೆ ಬರುವುದು ಸಹಜ. ಮೋಟರಿಗೆ ರೋಗ ಬಂದಿಲ್ಲ, ಒಂದು ಅಂಗುಲ ಕಡಿಮೆ ಪಿಚ್ ಬೇಕು ಅಷ್ಟೆ. ಜನವರಿ ಬೆಳಗಿನ ಅಂಕಿಯನ್ನು ಏಪ್ರಿಲ್ ಮಧ್ಯಾಹ್ನದ ಅಂಕಿಗೆ ಹೋಲಿಸಿ ಗಾಬರಿಯಾಗುವುದೂ ಇದೇ ತಪ್ಪು.

ಯಾವ ಕೆಲಸಕ್ಕೆ ಯಾವ ತೂತು

ಒಬ್ಬಿಬ್ಬರು ಕೂತು ಓಡಿಸುವ ಹಗುರ ಬೋಟಿಗೆ ಪರೀಕ್ಷೆಯಲ್ಲಿ ಗೆದ್ದ ತೂತನ್ನೇ ಇಡಬಹುದು. ಆರೇಳು ಜನರನ್ನು ಹೊರುವ ಬೋಟಿನಲ್ಲಿ ಮೋಟರ್ ಅದಕ್ಕಿಂತ ಒಂದು ತೂತಿನಷ್ಟು ಕೆಳಗಿರಲಿ: ಭಾರದ ಬೋಟ್ ಮೇಲೇಳುವಾಗ ಫ್ಯಾನಿಗೆ ಗಟ್ಟಿ ನೀರು ಬೇಕು. ಬಸವಸಾಗರದಿಂದ (ನಾರಾಯಣಪುರ ಜಲಾಶಯ) ನೀರು ಬಿಟ್ಟಾಗ ನಡುಗಡ್ಡೆಗಳಿಗೆ ಹೋಗುವ ಬೋಟಾದರೆ ವೇಗದ ಆಸೆಯನ್ನೇ ಬಿಟ್ಟು ಪ್ಲೇಟನ್ನು ತಳದ ಮಟ್ಟಕ್ಕೆ ಇಳಿಸಿ. ಆ ಸುಳಿ, ನೊರೆಯಲ್ಲಿ ಮೇಲೆತ್ತಿದ ಫ್ಯಾನು ಹಿಡಿತ ಬಿಟ್ಟ ಎರಡು ಕ್ಷಣ ಸಾಕು, ಬೋಟ್ ಅಡ್ಡ ತಿರುಗಲು.

ಅಂತಿಮ ತೂತಿನಲ್ಲಿ ಎರಡು ಗಂಟೆ ಓಡಿಸಿದ ಮೇಲೆ ನಾಲ್ಕೂ ನಟ್ಟುಗಳನ್ನು ಕೈಪಿಡಿಯ ಟಾರ್ಕ್‌ಗೆ ಮತ್ತೊಮ್ಮೆ ಬಿಗಿದು, ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಬಣ್ಣದ ಗೆರೆ ಎಳೆಯಿರಿ. ಸಡಿಲಾದರೆ ಗೆರೆ ತಪ್ಪಿ ಕಾಣುತ್ತದೆ. ಮೋಟರಿನ ಮುಚ್ಚಳದ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ತೂತಿನ ಸಂಖ್ಯೆ, ಫ್ಯಾನಿನ ಅಳತೆ, ಜನ, ತಿಂಗಳು, ಆರ್‌ಪಿಎಂ, ವೇಗ ಬರೆದಿಡಿ. ಮುಂದಿನ ಸಲ ಬೋಟ್ ಸೋತಾಗ ಮೊದಲು ತೆರೆದು ನೋಡಬೇಕಾದದ್ದು ಆ ಮುಚ್ಚಳವನ್ನೇ.